ಕೋಪರಿಯ ಸೊಸೈಟಿಗಳಿಗೆ ನೋಟಿಸ್ ಸಾಕು, ಸಾಲ ಬೇಕು

ಮಹಾರಾಷ್ಟ್ರದ ಉಪಮುಖ್ಯಮಂತ್ರಿ, ಗೃಹನಿರ್ಮಾಣ ಸಚಿವ, ಠಾಣೆಯ ಕೋಪರಿ-ಪಾಚಪಾಖಾಡಿಯ ಶಾಸಕ ಏಕನಾಥ ಶಿಂದೆಯವರಿಗೆ ಬಹಿರಂಗ ಪತ್ರ

ಮಾನ್ಯರೇ,

ಮಳೆಗಾಲ ಹತ್ತಿರ ಬಂತೆಂದರೆ ಠಾಣೆ ಮಹಾನಗರಪಾಲಿಕೆಯ ಅಪಾಯಕಾರಿ ಕಟ್ಟಡಗಳ ಪಟ್ಟಿ ಹೊರಬೀಳುತ್ತದೆ. ಸಿ-1 ಎಂದರೆ ಖಾಲಿ ಮಾಡಿ ಕೆಡವಬೇಕು. ಸಿ-2ಎ ಎಂದರೆ ಖಾಲಿ ಮಾಡಿ ದುರಸ್ತಿ, ಸಿ-2ಬಿ ಎಂದರೆ ಜನ ಇದ್ದ ಹಾಗೆಯೇ ದುರಸ್ತಿ, ಸಿ-3 ಎಂದರೆ ಸಣ್ಣಪುಟ್ಟ ಕೆಲಸ. ಎಲ್ಲವೂ ಸ್ಪಷ್ಟ. ದುಡ್ಡು ಎಲ್ಲಿಂದ ತರಬೇಕೆಂಬುದಷ್ಟೇ ನೋಟಿಸಿನಲ್ಲಿ ಇರುವುದಿಲ್ಲ.

ಸೊಸೈಟಿಗಳ ಮಾದರಿ ಉಪವಿಧಿಯನ್ನೇ ನೋಡಿ. ದುರಸ್ತಿ ನಿಧಿಗೆ ಪ್ರತಿ ಫ್ಲ್ಯಾಟಿನ ನಿರ್ಮಾಣ ವೆಚ್ಚದ ಶೇ. 0.75, ಸಿಂಕಿಂಗ್ ಫಂಡಿಗೆ ಕನಿಷ್ಠ ಶೇ. 0.25, ವರ್ಷಕ್ಕೆ. ಅದು ಕಟ್ಟಿದ ಕಾಲದ ವೆಚ್ಚ. ಲಕ್ಷ ರೂಪಾಯಿಯಲ್ಲಿ ಕಟ್ಟಿದ ಹಳೆಯ ಫ್ಲ್ಯಾಟಿಗೆ ಎರಡೂ ಸೇರಿ ವರ್ಷಕ್ಕೆ 1,000 ರೂಪಾಯಿ. 20 ಮನೆಗಳ ಸೊಸೈಟಿಗೆ 20,000. ಇಷ್ಟರಲ್ಲಿ ತಾರಸಿಯ ಸೋರಿಕೆಗೂ ಪೂರ್ತಿ ಮದ್ದು ಸಿಗದು. ತುಕ್ಕು ಹಿಡಿದ ಕಂಬಗಳ ಮಾತಂತೂ ದೂರ. ಹೆಚ್ಚು ವಸೂಲಿ ಮಾಡೋಣವೆಂದರೆ ಸಭೆಯಲ್ಲಿ ಪಿಂಚಣಿದಾರರು ತಲೆ ತಗ್ಗಿಸುತ್ತಾರೆ, ಬಾಡಿಗೆಗೆ ಕೊಟ್ಟವರು ಸಭೆಗೇ ಬರುವುದಿಲ್ಲ.

ಹಾಗಾಗಿ ತೇಪೆ ಕೆಲಸ. ಅದು ಎಷ್ಟು ದುಬಾರಿಯಾದೀತೆಂದು ಕಲ್ಯಾಣ ಪೂರ್ವ ಕಂಡಿದೆ: 2025ರ ಮೇ 20ರಂದು ಸಪ್ತಶೃಂಗಿ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ನೆಲಹಾಸಿನ ಕೆಲಸ ನಡೆಯುತ್ತಿದ್ದಾಗ ಸ್ಲ್ಯಾಬ್ ಕುಸಿದು ಆರು ಮಂದಿ ಸತ್ತರು. ಠಾಣೆಯದೇ ನೌಪಾಡಾದಲ್ಲಿ 2015ರ ಆಗಸ್ಟಿನಲ್ಲಿ ಕೃಷ್ಣ ನಿವಾಸ ಕುಸಿದಾಗ ಸತ್ತವರು 12. ಠಾಣೆಯ ಕಿಸನ್ ನಗರದಲ್ಲಿ ಸಾಯಿರಾಜ್ ಕಟ್ಟಡ ಕುಸಿದ ದುರಂತವನ್ನಂತೂ ತಮಗೆ ಯಾರೂ ನೆನಪಿಸಬೇಕಿಲ್ಲ.

ಹಳೆಯ ಕಟ್ಟಡಗಳ ಇಡೀ ಪ್ರದೇಶವನ್ನೇ ಒಟ್ಟಾಗಿ ಕೆಡವಿ ಕಟ್ಟುವ, ತಾವು ಬೆನ್ನು ಹತ್ತಿದ ಕ್ಲಸ್ಟರ್ ಯೋಜನೆಗೆ 2023ರ ಜೂನ್ 5ರಂದು ಅದೇ ಕಿಸನ್ ನಗರದಲ್ಲಿ ಭೂಮಿಪೂಜೆಯಾಯಿತು. ಮೊದಲ ಹಂತದ ಪಟ್ಟಿಯಲ್ಲಿ ಕೋಪರಿಯ ಹೆಸರೂ ಇದೆ. ಅನಧಿಕೃತ ಕಟ್ಟಡಗಳು ಒತ್ತೊತ್ತಾಗಿ ನಿಂತ ಕಡೆ ಬೇರೆ ದಾರಿಯಿಲ್ಲ, ಒಪ್ಪಬೇಕಾದ ಮಾತು. ಆದರೆ ಕ್ಲಸ್ಟರ್ ಎಂದರೆ ವರ್ಷಗಟ್ಟಲೆ ಕೆಲಸ. ಅಲ್ಲಿಯವರೆಗೆ ಮಳೆ ಕಾಯುತ್ತದೆಯೇ?

ಕನ್ನಡದಲ್ಲಿ ಈ ಪತ್ರವೇಕೆ ಎನ್ನಬಹುದು. ಠಾಣೆ, ಡೊಂಬಿವಲಿಗಳ ಇಂಥ ಸೊಸೈಟಿಗಳಲ್ಲಿ ಕನ್ನಡದ ಕುಟುಂಬಗಳೂ ಇವೆ ಎಂಬುದು ಒಂದು ಕಾರಣ. ಇನ್ನೊಂದು ಇತಿಹಾಸ. ಜನರೇ ಸೇರಿ ಮನೆ ಕಟ್ಟಿಕೊಳ್ಳುವ ಕೆಲಸ ಕನ್ನಡಿಗರಿಗೆ ಹೊಸದಲ್ಲ. ಬೆಂಗಳೂರಿನ ಬಿಲ್ಡಿಂಗ್ ಕೋಆಪರೇಟಿವ್ ಸೊಸೈಟಿ 1909ರದು. 1915ರಲ್ಲಿ ಮುಂಬಯಿಯ ಗಾಂದೇವಿಯಲ್ಲಿ ಸಾರಸ್ವತ ಗೃಹನಿರ್ಮಾಣ ಸಹಕಾರಿ ಸಂಘ ಹುಟ್ಟಿತು. ಅದರ ಹಿಂದೆ ನಿಂತವರು ಶ್ರೀಪಾದ ಸುಬ್ಬರಾವ್ ತಲ್ಮಕಿ. ಕೆನರಾ ಕಡಲತೀರದಿಂದ ಬಂದ ಸಾರಸ್ವತ ಕುಟುಂಬಗಳು ಷೇರು ಹಾಕಿದವು. ಕಟ್ಟಡ ಸಂಘದ್ದೇ, ಸದಸ್ಯರು ತಮ್ಮ ಸಂಘಕ್ಕೇ ಬಾಡಿಗೆ ಕಟ್ಟುವವರು. ಮನೆಮಾಲೀಕನ ಲಾಭವೆಂಬ ಬಾಬ್ತೇ ಲೆಕ್ಕದಿಂದ ಹೊರಗೆ ಹೋಯಿತು. ತಾಡದೇವದ ತಲ್ಮಕಿವಾಡಿ ಇಂದಿಗೂ ಅವರ ಹೆಸರು ಹೊತ್ತಿದೆ.

ಅದೇ ವಿದ್ಯೆಗೆ ಇಂದಿನ ಹೆಸರು ಸ್ವಯಂ ಪುನರ್ವಿಕಾಸ. ತಮ್ಮ ಸರಕಾರದ್ದೇ 2019ರ ಸೆಪ್ಟೆಂಬರ್ 13ರ ಆದೇಶ ಇದಕ್ಕೆ ಹೆಚ್ಚು ವಿಸ್ತೀರ್ಣ ಕಟ್ಟಲು ಬಿಡುವ ಹೆಚ್ಚುವರಿ ಎಫ್‌ಎಸ್‌ಐ, ಏಕಗವಾಕ್ಷಿ ಮಂಜೂರಾತಿ, ಬಡ್ಡಿಯಲ್ಲಿ ಶೇ. 4ರ ರಿಯಾಯಿತಿಯ ಭರವಸೆ ಕೊಟ್ಟಿತು. ಮುಂಬಯಿ ಜಿಲ್ಲಾ ಸಹಕಾರಿ ಬ್ಯಾಂಕ್ ಸಾಲ ಕೊಟ್ಟಿದ್ದರಿಂದ ಅಲ್ಲಿನ ಕೆಲವು ಸೊಸೈಟಿಗಳು ಬಿಲ್ಡರನ ಹಂಗಿಲ್ಲದೆ ಎದ್ದು ನಿಂತಿವೆ.

ಕೋಪರಿಯಲ್ಲಿ ಅಡ್ಡ ನಿಲ್ಲುವುದು ಕಾಗದ. ಸೊಸೈಟಿ ನೋಂದಣಿಯಾಗಿ ನಾಲ್ಕು ತಿಂಗಳೊಳಗೆ ಜಾಗವನ್ನು ಅದರ ಹೆಸರಿಗೆ ಮಾಡಿಕೊಡಬೇಕೆಂಬುದು 1963ರ ಮೋಫಾ (ಫ್ಲ್ಯಾಟ್ ಮಾಲೀಕತ್ವ) ಕಾಯ್ದೆಯ ಕಾಲದ ನಿಯಮ. ಬಿಲ್ಡರುಗಳು ಮಾಡದ್ದರಿಂದಲೇ 2008ರಲ್ಲಿ, ಬಿಲ್ಡರ್ ಸಹಕರಿಸದಿದ್ದರೂ ಜಾಗ ಸೊಸೈಟಿಯ ಹೆಸರಿಗಾಗುವ ಡೀಮ್ಡ್ ಕನ್ವೇಯನ್ಸ್ ತರಬೇಕಾಯಿತು. ಅದಕ್ಕೂ ವಕೀಲರು, ದಾಖಲೆ, ಅಲೆದಾಟ. ಜಾಗ ತನ್ನ ಹೆಸರಿನಲ್ಲಿಲ್ಲದ ಸೊಸೈಟಿಗೆ ಯಾವ ಬ್ಯಾಂಕು ಸಾಲ ಕೊಟ್ಟೀತು?

ಆದ್ದರಿಂದ ಬೇಡಿಕೆ ದೊಡ್ಡದಲ್ಲ. ಕೋಪರಿಯಲ್ಲೇ ಕನ್ವೇಯನ್ಸ್ ಶಿಬಿರ ನಡೆಸಿ, ಉಪನಿಬಂಧಕರನ್ನೂ ಭೂದಾಖಲೆಯವರನ್ನೂ ಒಂದೇ ಮೇಜಿಗೆ ಕೂರಿಸಿ. ಸಿ-2ಬಿ ನೋಟಿಸಿನ ಜೊತೆಗೇ ಕಡಿಮೆ ಬಡ್ಡಿಯ ದುರಸ್ತಿ ಸಾಲದ ಅರ್ಜಿ ಕೈಗೆ ಬರಲಿ. ಕ್ಲಸ್ಟರ್ ಗಡಿಯೊಳಗಿದ್ದೂ ತಾವೇ ಕಟ್ಟಿಕೊಳ್ಳಲು ಸಿದ್ಧವಿರುವ ಅಧಿಕೃತ ಸೊಸೈಟಿಗೆ ಹೌದು ಅಥವಾ ಇಲ್ಲ ಎಂಬ ಲಿಖಿತ ಉತ್ತರ ಗೊತ್ತಾದ ಅವಧಿಯೊಳಗೆ ಸಿಗಲಿ. ನಗರವಿಕಾಸ, ಗೃಹನಿರ್ಮಾಣ ಎರಡೂ ಖಾತೆಗಳು ತಮ್ಮ ಬಳಿಯೇ ಇವೆ. ಮುಂದಿನ ಪಟ್ಟಿ ಹೊರಬೀಳುವ ಮುನ್ನ ಆದೇಶ ಹೊರಡಿಸಿ.