ಆರೇ ಅಡಿಗಳ ಅಂತರ

೧೯೬೦ರಲ್ಲಿ ಮಿಯಾಮಿಯಿಂದ ನಸ್ಸಾವಿಗೆ ಕೆರಳಿದ ಕಡಲಿನಲ್ಲಿ ನಡೆದ ಮೋಟಾರು ದೋಣಿಗಳ ಪಂದ್ಯವನ್ನು 'ಮಾಪಿ' ಗೆದ್ದಿತು. ರೇ ಹಂಟ್ ರೂಪಿಸಿದ ಅದರ ತಳವು ಅಲೆಯನ್ನು ಸೀಳುವಂತೆ ಚೂಪಾಗಿದ್ದಿತು. ಮುಂದೆ ಬರ್ಟ್ರಮ್ ಕಾರ್ಖಾನೆಯು ಅಂತಹ ದೋಣಿಗಳನ್ನು ೨೫ ಮತ್ತು ೩೧ ಅಡಿಗಳಲ್ಲಿ ತಯಾರಿಸಿತು. ಇವೆರಡರಲ್ಲಿ ಯಾವುದು ಯುಕ್ತ?

ಅಂತರ ಆರೇ ಅಡಿಯೆಂದು ಭ್ರಮಿಸಬಾರದು. ಆಕಾರವು ಒಂದೇ ಆದರೆ ತೂಕವು ಉದ್ದದ ಘನವನ್ನು ಅನುಸರಿಸುವುದರಿಂದ ದೊಡ್ಡದು ಸಣ್ಣದರ ಸುಮಾರು ೧.೯ರಷ್ಟು ಭಾರವಾಗುತ್ತದೆ. ಬೆಲೆಯೂ ಇಂಧನದ ವೆಚ್ಚವೂ ಹೆಚ್ಚುವುದು ನಿಜ. ಆದರೆ ಅದೇ ಅಲೆಯ ಹೊಡೆತಕ್ಕೆ ಭಾರವಾದ ದೋಣಿ ಕಡಿಮೆ ಎಗರುತ್ತದೆ. ಎಗರಾಟಕ್ಕೆ ಅಂಜಿ ವೇಗವನ್ನು ತಗ್ಗಿಸಬೇಕಾದಲ್ಲಿ, ಸಣ್ಣ ದೋಣಿಯ ಬಲವಾದ ಯಂತ್ರದಿಂದ ಫಲವೇನು?

ತೀರದ ವಿಹಾರಕ್ಕೆ ೨೫ ಅಡಿ ಸಾಕು. ಗಲ್ಫ್ ಸ್ಟ್ರೀಮ್ ಪ್ರವಾಹಕ್ಕೆ ಇದಿರಾಗಿ ಬಡಗಣ ಗಾಳಿ ಬೀಸಿ ಅಲೆಗಳು ಕಡಿದಾಗುವ ಆ ಕಡಲನ್ನು ದಾಟುವವನು ಯಂತ್ರದ ಬಲಕ್ಕಿಂತ ಮೊದಲು ಉದ್ದವನ್ನೇ ಕೊಳ್ಳುವುದು ವಿವೇಕವೆಂದು ನನ್ನ ಅಭಿಪ್ರಾಯ.