ಅಮ್ಮನ ಚಮಚಕ್ಕೊಂದು ಗುಂಡು ತುದಿ

ಈ ಅಂಕಣದಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ ಎಂದು ಬರೆದು ಹಬ್ಬದ ದಿನವೇ ನಿಮ್ಮ ಹೋಳಿಗೆಯ ರುಚಿ ಕೆಡಿಸುವವನು ನಾನು. ಈ ಸಲ ಆ ತಂಟೆಗೆ ಹೋಗುವುದಿಲ್ಲ. ಒಂದು ಚಮಚದ ಹಿಡಿಯ ಕತೆ ಹೇಳುತ್ತೇನೆ.

ಈ ಬೇಸಿಗೆಯಲ್ಲಿ ಅಮ್ಮ ಮೂರು ತಿಂಗಳಿಗೆಂದು ಬ್ಯಾಲಿನ್‌ಕೊಲಿಗ್‌ಗೆ ಬಂದಿದ್ದರು. ಎಪ್ಪತ್ತೆಂಟು ವಯಸ್ಸು, ಇಪ್ಪತ್ತು ವರ್ಷದ ರುಮಟಾಯ್ಡ್ ಸಂಧಿವಾತ. ಬೆರಳುಗಳು ಸೊಟ್ಟಗಾಗಿ ಅನ್ನ ಸಾರು ಕಲಸಿ ತುತ್ತು ಕಟ್ಟಲು ಆಗುತ್ತಿರಲಿಲ್ಲ. ಚಮಚದ ತೆಳು ಹಿಡಿಯೂ ಕೈಗೆ ನಿಲ್ಲದು. ನನ್ನ ಹೆಂಡತಿ ತಿನ್ನಿಸಲು ಹೋದರೆ "ಹಸಿವಿಲ್ಲಮ್ಮ" ಎನ್ನುವರು. ಹಸಿವೇನೋ ಇತ್ತು, ಮಗುವಿನ ಹಾಗೆ ಬಾಯಿ ತೆರೆಯಲು ಮನಸ್ಸಿರಲಿಲ್ಲ. ಮೂರು ವಾರದಲ್ಲಿ ಎರಡು ಕಿಲೋ ಇಳಿದರು.

ಹಿಡಿ ದಪ್ಪವಾದಷ್ಟೂ ಬೆರಳು ಕಡಿಮೆ ಮಡಿಸಿದರೆ ಸಾಕು. ಅಂಗಡಿಯಿಂದ ಫೋಮಿನ ದಪ್ಪ ಹಿಡಿ ತಂದೆವು. ವಾರದೊಳಗೆ ಅದು ಸಾರು ಕುಡಿದು ನಾತ ಹೊಡೆಯಿತು. ಆಗ ಮಗ "ನಾನು ಮಾಡ್ಕೊಡ್ತೀನಿ ಅಪ್ಪ" ಎಂದ. ಇಲ್ಲಿ ಲೀವಿಂಗ್ ಸರ್ಟ್ ಓದುವ ಮಕ್ಕಳಿಗೆ 2007ರಲ್ಲಿ ಹಳೆಯ ಟೆಕ್ನಿಕಲ್ ಡ್ರಾಯಿಂಗ್ ಬದಲಿಗೆ ಡಿಸೈನ್ ಅಂಡ್ ಕಮ್ಯುನಿಕೇಶನ್ ಗ್ರಾಫಿಕ್ಸ್ ಎಂಬ ವಿಷಯ ಬಂತು. ಕಂಪ್ಯೂಟರಿನಲ್ಲಿ ವಸ್ತುಗಳನ್ನು ಮೂರು ಆಯಾಮದಲ್ಲಿ ಕಟ್ಟುವುದು, ಅಂದರೆ ಕ್ಯಾಡ್, ಅದರಲ್ಲೇ ಕಲಿಸುತ್ತಾರೆ. ಮಗ 32 ಮಿಲಿಮೀಟರ್ ವ್ಯಾಸದ ಒಂದು ವೃತ್ತ ಬರೆದ, ಅದನ್ನು 110 ಮಿಲಿಮೀಟರ್ ಎಳೆದ, ಸಿಲಿಂಡರ್ ಸಿದ್ಧ. ಚಮಚ ತೂರಿಸಲು ಒಂದು ಸೀಳು. ಸಂಜೆಗೆ ಪ್ರಿಂಟ್ ಆಗಿ ಬಂತು.

ಅಮ್ಮ ಎರಡು ದಿನ ತಾವೇ ಊಟ ಮಾಡಿದರು. ಮೂರನೆಯ ದಿನ ಚಮಚ ಕೆಳಗಿಟ್ಟರು. "ಇದರ ಅಂಚು ಒತ್ತುತ್ತೆ ಕಣೋ" ಎಂದು ಅಂಗೈ ತೋರಿಸಿದರು. ಬುಡದಲ್ಲಿ ಅರ್ಧಚಂದ್ರದಂತೆ ಕೆಂಪು ಗೀರು. ವರ್ಷಗಟ್ಟಲೆ ಸ್ಟೆರಾಯ್ಡ್ ನುಂಗಿದವರ ಚರ್ಮ ಕಾಗದದಷ್ಟು ತೆಳು. ಒಡೆದರೆ ಮಾಯುವುದು ವಾರಗಳ ಮಾತು. ಮೂರು ದಿನವೂ ಎದುರಿಗೆ ಕೂತು ಅವರ ಗೆಣ್ಣುಗಳನ್ನೇ ನೋಡುತ್ತಿದ್ದ ಡಾಕ್ಟರು ಮಗ ಅಂಗೈ ತಿರುಗಿಸಿ ನೋಡಿರಲಿಲ್ಲ.

ತಪ್ಪು ಇದ್ದದ್ದು ಹಿಡಿಯ ಚಪ್ಪಟೆ ತುದಿಯಲ್ಲಿ. ಕೈಯ ಭಾರವೆಲ್ಲ ತೆಳು ಅಂಚಿನ ಮೇಲೆ ಬೀಳುತ್ತಿತ್ತು. ಊರಿನ ಗ್ಯಾಸ್ ಸಿಲಿಂಡರ್ ನೆನಪಿಸಿಕೊಳ್ಳಿ, ಅದರ ತಲೆ ಉಬ್ಬಿರುವುದು ಅಂದಕ್ಕಲ್ಲ. ಚಪ್ಪಟೆಯಾಗಿದ್ದರೆ ಒಳಗಿನ ಒತ್ತಡಕ್ಕೆ ತಲೆ ಬಾಗಿ, ಮೂಲೆಯಲ್ಲಿ ಸೆಳೆತ ಸೇರಿಕೊಳ್ಳುತ್ತದೆ. ಅರ್ಧಗೋಳವಾದರೆ, ಅದೇ ದಪ್ಪದ ತಗಡಿಗೆ ಸಿಲಿಂಡರಿನ ಮೈಯಲ್ಲಿರುವ ಸೆಳೆತದ ಅರ್ಧ ಮಾತ್ರ. ನಮ್ಮಲ್ಲಿ ಒತ್ತುತ್ತಿದ್ದುದು ಗ್ಯಾಸಲ್ಲ, ಅಂಗೈ. ಆದರೂ ಬೇಕಾದದ್ದು ಅದೇ ಆಕಾರ.

ಮಗ ಫಿಲ್ಲೆಟ್ ಎಂಬ ಆಜ್ಞೆ ಕೊಟ್ಟ. ಅದು ಅಂಚನ್ನು ಸವೆಸಿ ಗುಂಡಗೆ ಮಾಡುತ್ತದೆ. ಹಿಡಿಯ ತ್ರಿಜ್ಯ 16, ಫಿಲ್ಲೆಟ್ಟೂ 16. ಕಂಪ್ಯೂಟರ್ ಒಪ್ಪಲಿಲ್ಲ, ಕೆಂಪು ಅಕ್ಷರದಲ್ಲಿ ತಕರಾರು. ಕಾರಣ ಸ್ವಾರಸ್ಯವಾಗಿದೆ. ಫಿಲ್ಲೆಟ್ ಎಂದರೆ ಎರಡು ಮೈಗಳ ನಡುವೆ ಸೇತುವೆ. ತ್ರಿಜ್ಯ ಪೂರ್ತಿ 16 ಆದರೆ ಚಪ್ಪಟೆ ಮೈ ಕುಗ್ಗಿ ಒಂದು ಚುಕ್ಕೆಯಾಗಿ ಮಾಯವಾಗುತ್ತದೆ. ಆಚೆ ದಡವೇ ಇಲ್ಲದಿದ್ದರೆ ಸೇತುವೆ ಎಲ್ಲಿಗೆ? 15.9 ಕೊಟ್ಟರೆ ಒಪ್ಪುತ್ತದೆ, 0.2 ಮಿಲಿಮೀಟರಿನ ಸಾಸಿವೆಗಿಂತ ಸಣ್ಣ ಚಪ್ಪಟೆ ಉಳಿಯುತ್ತದೆ. ಕೈಗೆ ತಿಳಿಯುವುದಿಲ್ಲ. ನಾನಾಗಿದ್ದರೆ ಅಲ್ಲಿಗೇ ಮುಗಿಸುತ್ತಿದ್ದೆ. ಹದಿನೇಳರ ಹುಡುಗನಿಗೆ ಅದು ಸೋಲು.

ಇನ್ನೊಂದು ದಾರಿ ರಿವಾಲ್ವ್. ಹಿಡಿಯ ಅರ್ಧ ಅಡ್ಡನೋಟವನ್ನು ಮಾತ್ರ ಬರೆಯುವುದು: ನಡುವಿನ ಅಕ್ಷ, ಬದಿಗೊಂದು ನೇರ ಗೆರೆ, ತುದಿಯಲ್ಲಿ ಕಾಲು ವೃತ್ತ. ಆಮೇಲೆ ಅಕ್ಷದ ಸುತ್ತ ಒಂದು ಸುತ್ತು ತಿರುಗಿಸುವುದು. ನೋಡುತ್ತಿದ್ದಂತೆ ನನಗೆ ಚನ್ನಪಟ್ಟಣ ನೆನಪಾಯಿತು. ಲೇತಿನಲ್ಲಿ ಹಾಲೆ ಮರದ ತುಂಡು ಗಿರ್ರನೆ ತಿರುಗುತ್ತಿದ್ದರೆ ಉಳಿ ಒಂದು ಗೆರೆಯಲ್ಲಿ ಸಾಗುತ್ತದೆ, ಗುಂಡು ತಲೆಯ ಬೊಂಬೆ ಹುಟ್ಟುತ್ತದೆ. ಅಲ್ಲಿ ಮರ ತಿರುಗುತ್ತದೆ, ಇಲ್ಲಿ ಗೆರೆ ತಿರುಗುತ್ತದೆ, ಅಷ್ಟೇ.

ಮೂರನೆಯದು ಯೂನಿಯನ್: ಸಿಲಿಂಡರಿನ ತುದಿಗೆ ಅದೇ ತ್ರಿಜ್ಯದ ಗೋಳವನ್ನು ಸೇರಿಸಿ ಎರಡನ್ನೂ ಒಂದಾಗಿಸುವುದು. ಇದಕ್ಕೆ ಬೂಲಿಯನ್ ಕ್ರಿಯೆ ಎಂದು ಹೆಸರು. ಆ ಜಾರ್ಜ್ ಬೂಲ್ ನಮ್ಮ ಪಕ್ಕದ ಕಾರ್ಕ್‌ನವನೇ ಎನ್ನಬಹುದು! ಇಂಗ್ಲೆಂಡಿನಲ್ಲಿ ಹುಟ್ಟಿದ ಆತ ಈಗಿನ ಯುಸಿಸಿ, ಅಂದಿನ ಕ್ವೀನ್ಸ್ ಕಾಲೇಜಿಗೆ 1849ರಲ್ಲಿ ಮೊದಲ ಗಣಿತ ಪ್ರಾಧ್ಯಾಪಕನಾಗಿ ಬಂದ. ಒಂದು ದಿನ ಮಳೆಯಲ್ಲಿ ನೆನೆದು, ಒದ್ದೆ ಬಟ್ಟೆಯಲ್ಲೇ ಪಾಠ ಮಾಡಿ, ಕಾಯಿಲೆ ಬಿದ್ದು 1864ರ ಡಿಸೆಂಬರಿನಲ್ಲಿ ತೀರಿಕೊಂಡ. ವಯಸ್ಸು 49. ಕಾರ್ಕಿನ ಮಳೆಯಲ್ಲಿ ಛತ್ರಿ ಮರೆತು ಓಡಾಡುವ ನಮ್ಮ ಹುಡುಗರು ಇದನ್ನು ಗಮನಿಸಲಿ. (ಔಷಧದ ಮಾತು ಬಾರದೇ ಹೋಗಲಿಲ್ಲ, ಕ್ಷಮಿಸಿ.)

ಮಗ ಯೂನಿಯನ್ನನ್ನೇ ಆರಿಸಿದ. ಮೊದಲ ಸಲ ಗೋಳದ ಕೇಂದ್ರವನ್ನು ಸಿಲಿಂಡರಿನ ತುದಿಯಲ್ಲೇ ಇಟ್ಟ, ಉದ್ದ 126 ಆಗಿ ಹಿಡಿ ಅಮ್ಮನ ಮಣಿಕಟ್ಟು ದಾಟಿತು. ನೇರ ಭಾಗವನ್ನು 94ಕ್ಕೆ ಇಳಿಸಿದ ಮೇಲೆ ಸರಿಹೋಯಿತು. ಪ್ರಿಂಟರಿಗೆ ಹೋಗುವ ಕಡತದಲ್ಲಿ ಗುಂಡೆಂಬುದಿಲ್ಲ, ಬರೀ ಸಣ್ಣ ತ್ರಿಕೋನಗಳು. ಅವು ದೊಡ್ಡದಾಗಿದ್ದರಿಂದ ಒಂದು ಹಿಡಿ ಪಟ್ಟೆ ಪಟ್ಟೆಯಾಗಿ ಬಂತು. ಅದನ್ನೂ ತಿದ್ದಿದ.

ನಾಲ್ಕನೆಯ ಹಿಡಿಯನ್ನು ಅಮ್ಮ ಕೈಯಲ್ಲಿ ತಿರುಗಿಸಿ ನೋಡಿ, "ಗುಂಡುಕಲ್ಲಿನ ಮರಿ ಇದ್ದ ಹಾಗಿದೆ" ಎಂದರು. ಅಂದು ಹುಳಿಯನ್ನ ತಾವೇ ತಿಂದರು. ಸೀರೆಯ ಮೇಲೆ ನಾಲ್ಕು ಅಗುಳು ಬಿತ್ತು, ಯಾರೂ ನೋಡಲಿಲ್ಲ. ಎರಡನೆಯ ಸಲ ಬಡಿಸಿಕೊಂಡದ್ದನ್ನು ಮಾತ್ರ ಎಲ್ಲರೂ ನೋಡಿದೆವು.

ಮನೆಯಲ್ಲಿ ಇಂಥ ಹಿರಿಯರಿದ್ದರೆ ಅಳತೆ ಬರೆದುಕೊಳ್ಳಿ: ವ್ಯಾಸ 32, ಒಟ್ಟು ಉದ್ದ 110, ಅದರಲ್ಲಿ ನೇರ ಭಾಗ 94. ಕೈ ಸಣ್ಣದಾದರೆ ವ್ಯಾಸ 28 ಮಾಡಿ, ಆಗ ಗೋಳದ ತ್ರಿಜ್ಯ 14 ಆಗಬೇಕು, ನೇರ ಭಾಗ 96. ಚಮಚ ಸೇರುವ ತುದಿ ಚಪ್ಪಟೆಯಾಗಿಯೇ ಇರಲಿ, ಅಲ್ಲಿ ಅಂಗೈ ತಾಗದು. ಆ ತುದಿ ಕೆಳಗೆ ಬರುವಂತೆ ನಿಲ್ಲಿಸಿ ಪ್ರಿಂಟ್ ಮಾಡಿದರೆ ಗುಂಡು ಮೇಲೆ ನಯವಾಗಿ ಬರುತ್ತದೆ. ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಸುಮಾರಿಗೆ ಮೆತ್ತಗಾಗುತ್ತದೆ, ಡಿಶ್‌ವಾಷರಿಗೆ ಹಾಕಬೇಡಿ. ನಮ್ಮದೊಂದು ಹಾಗೆ ಬಾಗಿ, ಬಾಳೆಕಾಯಿಯಂತಾಗಿ ಅಡುಗೆಮನೆ ಕಿಟಕಿಯಲ್ಲಿ ಕೂತಿದೆ.