ಚಪ್ಪಾಳೆ ಹೊಡೆಯೋಕೆ ಮಾತ್ರ ವಿದ್ಯಾರ್ಥಿಗಳು ಬೇಕಾ?

"ಮಕ್ಕಳು ಓದಲಿ, ರಾಜಕೀಯ ಬೇಡ." ಗುಂಡ್ಲುಪೇಟೆ, ಚಾಮರಾಜನಗರದ ಕಡೆ ಕಾಲೇಜು ಸಮಾರಂಭಗಳ ವರದಿಗೆ ಹೋಗುವ ನಮಗೆಲ್ಲ ಈ ಮಾತು ಬಾಯಿಪಾಠ. ಹೇಳುವವರು ಯಾರು ಅಂತ ಸ್ವಲ್ಪ ನೋಡಿ. ಬಹುಪಾಲು ಒಂದಲ್ಲ ಒಂದು ಪಕ್ಷದ ಮುಖಂಡರು. ತಮಗೆ ಕುರ್ಚಿ, ಕಾರು, ಶಾಲು ಎಲ್ಲ ಕೊಟ್ಟ ರಾಜಕೀಯ, ಎದುರಿಗೆ ಕೂತ ಹತ್ತೊಂಬತ್ತರ ಹುಡುಗಿಗೆ ಮಾತ್ರ ಹೇಗೆ ವಿಷವಾಗುತ್ತದೆ? ಮತದಾನದ ವಯಸ್ಸನ್ನು 1989ರಲ್ಲೇ 21ರಿಂದ 18ಕ್ಕೆ ಇಳಿಸಿದ್ದೇವೆ. ವೋಟು ಹಾಕಬಹುದು, ಯಾಕೆ ಹಾಕಬೇಕು ಅಂತ ಕಾಲೇಜಿನಲ್ಲಿ ಮಾತಾಡಬಾರದು. ಇದು ಯಾವ ನ್ಯಾಯ?

ಅತಿಥಿ ಉಪನ್ಯಾಸ ಅನ್ನುವುದು ಹೇಗೆ ನಡೆಯುತ್ತದೆ ಅಂತ ವರದಿ ಮಾಡುವ ಎಲ್ಲರಿಗೂ ಗೊತ್ತು. ಹತ್ತು ಗಂಟೆಯ ಕಾರ್ಯಕ್ರಮ ಹನ್ನೆರಡಕ್ಕೆ ಶುರು. ದೀಪ, ಸ್ವಾಗತ, ಪ್ರಾಸ್ತಾವಿಕ ನುಡಿ, ಹಾರ, ನೆನಪಿನ ಕಾಣಿಕೆ. ಅತಿಥಿಗಳು ಮುಕ್ಕಾಲು ಗಂಟೆ ಮಾತಾಡಿ "ಇನ್ನೊಂದು ಕಾರ್ಯಕ್ರಮ ಇದೆ" ಅಂತ ಎದ್ದರೆ ವಂದನಾರ್ಪಣೆ. ಪ್ರಶ್ನೆಗೆ ಹತ್ತು ನಿಮಿಷ ಉಳಿಯುವುದಿಲ್ಲ. ಮರುದಿನ ಪೇಪರಿನಲ್ಲಿ ಫೋಟೊ. ಆ ಫೋಟೊದಲ್ಲಿ ವೇದಿಕೆ ಇರುತ್ತದೆ, ವಿದ್ಯಾರ್ಥಿಗಳು ಇರುವುದಿಲ್ಲ.

ಪ್ರತಿಭಟನೆಯ ಕತೆಯೂ ಇದಕ್ಕಿಂತ ಭಿನ್ನವಲ್ಲ. ಸಂಘಟನೆಗಳು ಬಂದು ತರಗತಿ ಬಿಡಿಸುತ್ತವೆ, ಬ್ಯಾನರ್ ಕೈಗೆ ಕೊಡುತ್ತವೆ, ಘೋಷಣೆ ಹೇಳಿಕೊಡುತ್ತವೆ. ತಾಲ್ಲೂಕು ಕಚೇರಿ ಮುಂದೆ ಮನವಿ ಪತ್ರ ಕೊಟ್ಟಾದ ಮೇಲೆ "ಮನವಿಯಲ್ಲಿ ಏನಿದೆಯಪ್ಪ?" ಅಂತ ಹಿಂದಿನ ಸಾಲಿನ ಹುಡುಗನನ್ನು ಕೇಳಿದರೆ ಪಕ್ಕದವನ ಮುಖ ನೋಡುತ್ತಾನೆ. ತಪ್ಪು ಅವನದಲ್ಲ. ಅವನನ್ನು ಕರೆದುಕೊಂಡು ಬಂದದ್ದು ತಲೆ ಎಣಿಕೆಗೆ. ಇಲಾಖೆಯ ಜಾಗೃತಿ ಜಾಥಾಕ್ಕೆ ಹಾಜರಾತಿಯ ಆಸೆ ತೋರಿಸಿ ಬಿಸಿಲಲ್ಲಿ ನಿಲ್ಲಿಸುವುದೂ ಇದೇ ಲೆಕ್ಕ.

ಹಾಗಂತ ಭಾಷಣ, ಪ್ರತಿಭಟನೆ ನಿಷ್ಪ್ರಯೋಜಕ ಅಂದುಕೊಳ್ಳಬೇಡಿ. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಆಗ ನಮ್ಮ ಚಾಮರಾಜನಗರವೂ ಮೈಸೂರು ಜಿಲ್ಲೆಯೊಳಗೇ ಇತ್ತು. ವಿದ್ಯಾರ್ಥಿಗಳು ಬೀದಿಗಿಳಿದರು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯಿತು. ಆದರೆ ಅವರ ಪರವಾಗಿ ನಿಂತವರಲ್ಲಿ ಸಿದ್ಧಲಿಂಗಯ್ಯನವರಂಥ ವಿದ್ಯಾರ್ಥಿಗಳಿದ್ದರು. ಆ ಕಾವಿನಿಂದಲೇ ಮುಂದೆ ದಲಿತ ಸಂಘರ್ಷ ಸಮಿತಿ ಬೆಳೆಯಿತು. ಕಲ್ಲು ಹೊಡೆದವರೂ ವಿದ್ಯಾರ್ಥಿಗಳೇ, "ಆ ಮನುಷ್ಯ ಹೇಳಿದ್ದರಲ್ಲಿ ಏನು ಸುಳ್ಳಿದೆ?" ಅಂತ ಕೇಳಿದವರೂ ವಿದ್ಯಾರ್ಥಿಗಳೇ. ಕಲ್ಲಿನ ಕೈ ತಡೆಯುವುದು ಕಾಲೇಜಿನ ಕೆಲಸ. ಎರಡನೆಯವರ ಬಾಯಿ ಮುಚ್ಚಿಸುವುದಲ್ಲ.

"ಚರ್ಚೆ ಮಾಡಿಸಿದರೆ ಗಲಾಟೆ ಆಗುತ್ತೆ ಸಾರ್, ಯಾರು ಜವಾಬ್ದಾರಿ?" ಅಂತ ಪ್ರಿನ್ಸಿಪಾಲರು ಕೇಳುತ್ತಾರೆ. ಭಯ ಸುಳ್ಳಲ್ಲ. 2022ರ ಫೆಬ್ರುವರಿಯಲ್ಲಿ ಹಿಜಾಬ್ ಮತ್ತು ಕೇಸರಿ ಶಾಲಿನ ಗದ್ದಲಕ್ಕೆ ರಾಜ್ಯದ ಪ್ರೌಢಶಾಲೆ, ಕಾಲೇಜುಗಳಿಗೆ ಬೀಗ ಬಿತ್ತು. ಆದರೆ ಅದು ಚರ್ಚೆ ಹೆಚ್ಚಾಗಿ ಆದ ಗಲಾಟೆಯೇ? ಒಂದೇ ಬೆಂಚಿನಲ್ಲಿ ಕೂತವರು ಪರಸ್ಪರ ಮಾತಾಡುವ ಅಭ್ಯಾಸವೇ ಇಲ್ಲದಾಗ, ಹೊರಗಿನವರು ಗೇಟಿನ ಹತ್ತಿರ ಬಂದು ಮಾತು ತುಂಬಿಸುವುದು ಸುಲಭ. ಕಾಲೇಜು ಸುಮ್ಮನಿದ್ದರೆ ಅಭಿಪ್ರಾಯ ಹುಟ್ಟುವುದು ನಿಲ್ಲುವುದಿಲ್ಲ. ಭೀಮನಬೀಡಿನಿಂದ ಗುಂಡ್ಲುಪೇಟೆಗೆ ಬರುವ ಬಸ್ಸಿನಲ್ಲೇ ಮೊಬೈಲಿನೊಳಗೆ ಮೂವತ್ತು ಸೆಕೆಂಡಿನ ವಿಡಿಯೊಗಳಲ್ಲಿ ಹುಟ್ಟುತ್ತದೆ. ಅಲ್ಲಿ ಎದುರು ಮಾತಾಡುವವರು ಯಾರೂ ಇಲ್ಲ.

ಚರ್ಚೆಗೆ ವಿಷಯವಿಲ್ಲ ಅನ್ನಬೇಡಿ. ನಮ್ಮ ಚರ್ಚಾಸ್ಪರ್ಧೆಗಳಲ್ಲಿ ಇವತ್ತಿಗೂ "ಮೊಬೈಲ್ ವರವೋ ಶಾಪವೋ" ಓಡುತ್ತಿದೆ. ಬಾಗಿಲಾಚೆ ನೋಡಿ. 2025ರ ಸೆಪ್ಟೆಂಬರಿನಲ್ಲಿ ನಮ್ಮದೇ ತಾಲ್ಲೂಕಿನ ಬೊಮ್ಮಲಾಪುರದಲ್ಲಿ, ಹುಲಿ ಹಿಡಿಯಲು ಇಟ್ಟ ಬೋನಿಗೆ ರೈತರು ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ದನ ಕಳೆದುಕೊಂಡ ಮನೆಯ ಮಗನೂ, ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿರುವವನ ಮಗಳೂ ಒಂದೇ ಕ್ಲಾಸಿನಲ್ಲಿ ಇರಬಹುದಾದ ಊರು ನಮ್ಮದು. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧ 2009ರಿಂದ ಇದೆ. 2019ರಲ್ಲಿ ಕಾಡಿನ ಆಚೆ ಸುಲ್ತಾನ್ ಬತ್ತೇರಿಯಲ್ಲಿ ಯುವಕರು ಅದರ ವಿರುದ್ಧ ಉಪವಾಸ ಕೂತರು. ಈಚೆ ಇರುವ ನಮ್ಮ ಹುಡುಗರು ಏನು ಹೇಳುತ್ತಾರೆ? 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿ ಹೊಸ 10 ವಿಶ್ವವಿದ್ಯಾಲಯಗಳಲ್ಲಿ 9ನ್ನು ಮುಚ್ಚುವ ಮಾತಾಡಿತು. ಆ ಪಟ್ಟಿಯಲ್ಲಿ ಚಾಮರಾಜನಗರದ ಹೆಸರೂ ಇತ್ತು. ತಮ್ಮದೇ ವಿಶ್ವವಿದ್ಯಾಲಯ ಉಳಿಯಬೇಕೋ ಬೇಡವೋ ಎನ್ನುವುದೂ ರಾಜಕೀಯವೇ? ಹೌದಾದರೆ, ಆ ರಾಜಕೀಯ ವಿದ್ಯಾರ್ಥಿಗಳು ಮಾಡದೆ ಇನ್ಯಾರು ಮಾಡಬೇಕು?

ಕೇಳುತ್ತಿರುವುದು ದೊಡ್ಡದೇನಲ್ಲ. ಅತಿಥಿ ಮಾತಾಡಿದಷ್ಟೇ ಹೊತ್ತು ಪ್ರಶ್ನೆಗೆ ಕೂರಬೇಕು. ಆಗದವರನ್ನು ಕರೆಯಬೇಡಿ, ಶಾಲಿನ ದುಡ್ಡೂ ಉಳಿಯುತ್ತದೆ. ಮೊದಲ ಪ್ರಶ್ನೆ ವಿದ್ಯಾರ್ಥಿನಿಯದಾಗಲಿ, ಕಾರ್ಯಕ್ರಮ ಅವಳ ಊರಿನ ಬಸ್ ಹೊರಡುವ ಮೊದಲೇ ಮುಗಿಯಲಿ. ಚರ್ಚೆಯಲ್ಲಿ ಪರ, ವಿರೋಧ ಚೀಟಿ ಎತ್ತಿ ಹಂಚಿ. ತಾನು ಒಪ್ಪದ ಮಾತನ್ನು ಐದು ನಿಮಿಷ ಸಮರ್ಥಿಸಿದವನು ಎದುರಾಳಿಯನ್ನು ಅಷ್ಟು ಬೇಗ ದೇಶದ್ರೋಹಿ ಅನ್ನಲಾರ. ಪ್ರತಿಭಟನೆಗೆ ಹೊರಡುವ ಮುಂಚೆ ಮನವಿ ಪತ್ರವನ್ನು ಕ್ಲಾಸಿನಲ್ಲಿ ಓದಿ. ಒಪ್ಪಿದವರು ಬರಲಿ, ಒಪ್ಪದವರು ಲೈಬ್ರರಿಗೆ ಹೋಗಲಿ. ಇಬ್ಬರ ಇಂಟರ್ನಲ್ ಮಾರ್ಕ್ಸಿಗೂ ಕತ್ತರಿ ಬೀಳದಿರಲಿ. ರಾಜ್ಯದಲ್ಲಿ ವಿದ್ಯಾರ್ಥಿ ಸಂಘದ ನೇರ ಚುನಾವಣೆ ನಿಂತು ಮೂರು ದಶಕ ದಾಟಿದೆ. ದುಡ್ಡು, ರೌಡಿಸಂ ಅಂತ ಕಾರಣ ಕೊಡುತ್ತಾರೆ. ಲಿಂಗ್ಡೊ ಸಮಿತಿ 2006ರಲ್ಲೇ ಅಭ್ಯರ್ಥಿಯ ಖರ್ಚಿಗೆ 5,000 ರೂಪಾಯಿ ಮಿತಿ ಹಾಕಿ ದಾರಿ ತೋರಿಸಿದೆ.

ನಮ್ಮ ಸ್ಟ್ರಿಂಗರ್ ಗೆಳೆಯರಿಗೂ ಒಂದು ಮಾತು. ಮುಂದಿನ ಸಲ ಕಾಲೇಜಿಗೆ ವರದಿಗೆ ಹೋದಾಗ ಅತಿಥಿಗಳ ಹೆಸರಿನ ಪಟ್ಟಿ ಬರೆದುಕೊಂಡು ವಾಪಸ್ ಬರಬೇಡಿ. ಯಾರು ಯಾವ ಪ್ರಶ್ನೆ ಕೇಳಿದರು, ಅದಕ್ಕೆ ಉತ್ತರ ಬಂತೋ ಇಲ್ಲವೋ ಅದನ್ನು ಬರೆಯಿರಿ. ಯಾರೂ ಕೇಳದಿದ್ದರೆ, ಯಾರಿಗೂ ಕೇಳಲು ಬಿಡದಿದ್ದರೆ, ಅದನ್ನೇ ತಲೆಬರಹ ಮಾಡಿ.